ಅಪರೂಪದ ಗಿಡವನ್ನು ಬಣ್ಣಿಸುವ ಒಣ ಮಾತುಗಳು

ಸಸ್ಯಗಳ ಬಗ್ಗೆ ಬರುವ ಸುದ್ದಿ, ಉದ್ಯಾನದ ಫಲಕ, ಚಿತ್ರದ ಕೆಳಗಿನ ಒಕ್ಕಣೆ, ಎಲ್ಲೆಡೆಯೂ ‘ಅಪರೂಪದ’ ಎಂಬ ವಿಶೇಷಣ ಮೊದಲು ಬಂದು ನಿಲ್ಲುತ್ತದೆ. ಗಿಡ ಆಮೇಲೆ ಬರುತ್ತದೆ. ಅದೇ ಗಿಡವನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ ಮೂಲ ವರ್ಣನೆಯನ್ನು ಹುಡುಕಿ ತೆಗೆದರೆ ಅಲ್ಲಿ ಆ ಮಾತಿಗೆ ಹೆಚ್ಚಿನ ಜಾಗವಿರುವುದಿಲ್ಲ. ಎಲೆ ಅಂಡಾಕಾರ, ತುದಿ ನೀಳವಾಗಿ ಚೂಪು, ಬುಡ ದುಂಡು, ಮೇಲ್ಮೈ ನಯ, ಕೆಳಮೈಯ ನರಗಳ ಮೇಲೆ ಮಾತ್ರ ಒತ್ತಿ ಮಲಗಿದ ರೋಮಗಳು, ತೊಟ್ಟು ಇಷ್ಟರಿಂದ ಇಷ್ಟು ಮಿಲಿಮೀಟರ್ ಎಂದು ಆ ಬರಹ ಸಾಗುತ್ತದೆ. ಗಿಡದ ಚೆಲುವಿನ ಬಗ್ಗೆ ಮಾತಿಲ್ಲ, ಅದು ಅಳಿದುಹೋದೀತೆಂಬ ಆತಂಕವೂ ಆ ಸಾಲುಗಳಲ್ಲಿ ಕಾಣಿಸುವುದಿಲ್ಲ. ಮೊದಲ ಸಲ ಓದುವವರಿಗೆ ಇದು ಗಿಡದ ವರ್ಣನೆಯೋ ಕಳೆದುಹೋದ ಸರಕಿನ ಪಟ್ಟಿಯೋ ಎಂಬ ಅನುಮಾನ ಹುಟ್ಟಿದರೆ ತಪ್ಪೇನಿಲ್ಲ.

ಈ ಅಂತರ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಒಂದು ಗಿಡ ಭೂಮಿಯ ಮೇಲೆ ಒಂದೆರಡು ಕಡೆ ಮಾತ್ರ ಉಳಿದಿದೆ ಎಂಬುದೇ ಅದರ ಬಗ್ಗೆ ಹೇಳಬೇಕಾದ ಅತಿ ಮುಖ್ಯ ಸಂಗತಿಯಾಗಿರುವಾಗ, ಅದನ್ನು ಬಣ್ಣಿಸುವವರು ತೊಟ್ಟಿನ ಉದ್ದವನ್ನೂ ರೋಮದ ದಿಕ್ಕನ್ನೂ ಇಷ್ಟು ಶ್ರದ್ಧೆಯಿಂದ ಬರೆಯುವುದೇಕೆ? ಉತ್ತರ ಸುಲಭವಾಗಿ ಸಿಕ್ಕಿತೆಂದು ಹೇಳಲಾರೆ. ಆದರೆ ಅಂಥ ವರ್ಣನೆಗಳನ್ನು ಓದುತ್ತ, ಅವುಗಳನ್ನು ಬರೆಯುವವರ ಪಕ್ಕದಲ್ಲಿ ಕುಳಿತು ನೋಡುತ್ತ ಬಂದ ಮೇಲೆ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅಪರೂಪದ ಗಿಡಕ್ಕೆ ನಿಜವಾಗಿ ಉಪಕಾರ ಮಾಡುವುದು ಈ ಒಣ ಮಾತುಗಳೇ. ‘ಅಪರೂಪ’ ಎಂಬ ಮಾತಿನಿಂದ ಅದಕ್ಕೆ ದಕ್ಕುವುದು ಕಡಿಮೆ, ಕೆಲವೊಮ್ಮೆ ಅದರಿಂದ ಕೇಡೇ ಆಗುವುದುಂಟು.

‘ಅಪರೂಪ’ದೊಳಗಿನ ಏಳು ಬಗೆ

ಒಂದು ಪ್ರದೇಶದ ಗಿಡಗಳನ್ನು ಬಣ್ಣಿಸುವ ಹಳೆಯ ಫ್ಲೋರಾ ಪುಸ್ತಕಗಳಲ್ಲೂ, ಒಣಗಿಸಿದ ಗಿಡಗಳ ಸಂಗ್ರಹವಾದ ಹರ್ಬೇರಿಯಂನ ಹಾಳೆಗಳ ಚೀಟಿಗಳಲ್ಲೂ ‘ವಿಪುಲ’, ‘ಅಲ್ಲಲ್ಲಿ’, ‘ವಿರಳ’ ಎಂಬರ್ಥದ ಟಿಪ್ಪಣಿಗಳು ಇದ್ದೇ ಇರುತ್ತವೆ. ಅವು ಗಿಡದ ಬಗ್ಗೆ ಹೇಳುವಷ್ಟನ್ನೇ ಸಂಗ್ರಾಹಕ ನಡೆದ ದಾರಿಯ ಬಗ್ಗೆಯೂ ಹೇಳುತ್ತವೆ. ಮಳೆ ನಿಂತ ಮೇಲೆ, ಬಂಡಿ ಹೋಗುವ ದಾರಿಯ ಆಸುಪಾಸಿನಲ್ಲಿ ಗಿಡ ಕಿತ್ತವನಿಗೆ, ಮಳೆಗಾಲದ ನಡುವೆ ಕಡಿದಾದ ಬಂಡೆಯ ಮೇಲೆ ಮೂರು ವಾರ ಮಾತ್ರ ತಲೆ ಎತ್ತುವ ಗಿಡ ‘ವಿರಳ’ವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಆ ಚೀಟಿಯ ಮಾತು ಮುಂದಿನ ಪುಸ್ತಕಕ್ಕೆ, ಅಲ್ಲಿಂದ ಅದರ ಮುಂದಿನ ಪುಸ್ತಕಕ್ಕೆ ನಕಲಾಗುತ್ತ ಹೋಗಿ ಕೊನೆಗೆ ಗಿಡದ ಗುಣವೇ ಆಗಿಬಿಡುತ್ತದೆ.

1981ರಲ್ಲಿ ಡೆಬೊರಾ ರಾಬಿನೊವಿಟ್ಜ್ ಎಂಬ ಸಸ್ಯ ಪರಿಸರ ವಿಜ್ಞಾನಿ ಈ ಗೊಂದಲವನ್ನು ಮೂರು ಪ್ರಶ್ನೆಗಳಲ್ಲಿ ಬಿಡಿಸಿಟ್ಟರು. ಗಿಡದ ಹರಹು ದೊಡ್ಡದೋ ಚಿಕ್ಕದೋ? ಅದು ಹಲವು ಬಗೆಯ ನೆಲೆಗಳಿಗೆ ಒಗ್ಗುತ್ತದೆಯೋ ಒಂದೇ ನೆಲೆಗೆ ಅಂಟಿಕೊಂಡಿದೆಯೋ? ಸಿಗುವ ಜಾಗದಲ್ಲಾದರೂ ಹುಲುಸಾಗಿದೆಯೋ, ಅಲ್ಲೂ ಒಂದೆರಡೇ ಇವೆಯೋ? ಈ ಉತ್ತರಗಳನ್ನು ಜೋಡಿಸಿದರೆ ಎಂಟು ಸಾಧ್ಯತೆಗಳು ಬರುತ್ತವೆ. ಮೂರಕ್ಕೂ ಅನುಕೂಲದ ಉತ್ತರವಿರುವ ಒಂದನ್ನು ಬಿಟ್ಟರೆ ಉಳಿದ ಏಳೂ ಅಪರೂಪವೇ. ನೀಲಕುರಿಂಜಿಯನ್ನು ಅದು ಅರಳಿದ ವರ್ಷದಲ್ಲಿ ನೋಡಿದವರು ಅದನ್ನು ಅಪರೂಪ ಎಂದರೆ ನಂಬುವುದು ಕಷ್ಟ, ಏಕೆಂದರೆ ಗುಡ್ಡದ ಇಳಿಜಾರನ್ನೇ ಅದು ಮುಚ್ಚಿರುತ್ತದೆ. ಆದರೆ ಅದರ ನೆಲೆ ದಕ್ಷಿಣದ ಎತ್ತರದ ಬೆಟ್ಟಗಳ ಶೋಲಾ ಹುಲ್ಲುಗಾವಲು. ಆ ಹುಲ್ಲುಗಾವಲಿಗೆ ನೆಡುತೋಪು ಬಂತೆಂದರೆ ಅಷ್ಟು ಹುಲುಸಾದ ಗಿಡಕ್ಕೂ ಹೋಗಲು ಬೇರೆ ಜಾಗವಿಲ್ಲ. ಇದಕ್ಕೆ ವಿರುದ್ಧವಾಗಿ, ವಿಶಾಲವಾದ ಕಾಡಿನುದ್ದಕ್ಕೂ ಹರಡಿಕೊಂಡು ಎಲ್ಲಿಯೂ ಒಂದೆರಡಕ್ಕಿಂತ ಹೆಚ್ಚು ಸಿಗದ ಮರಗಳಿವೆ. ಎರಡಕ್ಕೂ ಒಂದೇ ವಿಶೇಷಣ ಹಚ್ಚಿದರೆ ಒಂದನ್ನು ಉಳಿಸುವ ಉಪಾಯ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ ಅಳಿವಿನ ಅಪಾಯವನ್ನು ಅಳೆಯುವ ಕೆಂಪುಪಟ್ಟಿಯಲ್ಲಿ ಹಿಂದೆ ‘ರೇರ್’, ಅಂದರೆ ಅಪರೂಪ, ಎಂಬ ವರ್ಗವೇ ಇತ್ತು. 1994ರಲ್ಲಿ ಪಟ್ಟಿಯ ನಿಯಮಗಳನ್ನು ಅಳತೆಯ ಮೇಲೆ ನಿಲ್ಲಿಸಿದಾಗ ಆ ವರ್ಗವನ್ನು ಕೈಬಿಡಲಾಯಿತು. ಈಗ ಕೇಳುವುದು ಲೆಕ್ಕ. ವಯಸ್ಕ ಸಸ್ಯಗಳ ಸಂಖ್ಯೆ 50ಕ್ಕಿಂತ ಕಡಿಮೆಯಿದ್ದರೆ ‘ಕ್ರಿಟಿಕಲಿ ಎಂಡೇಂಜರ್ಡ್’ (ಅಳಿವಿನ ತೀವ್ರ ಅಪಾಯ), 250ಕ್ಕಿಂತ ಕಡಿಮೆಯಿದ್ದರೆ ‘ಎಂಡೇಂಜರ್ಡ್’ (ಅಳಿವಿನ ಅಪಾಯ). ಹರಹಿನ ಲೆಕ್ಕದಲ್ಲಾದರೆ ಗಿಡ ನಿಜವಾಗಿ ನೆಲೆಸಿರುವ ಪ್ರದೇಶ 10 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಜೊತೆಗೆ ಅದು ಚೂರುಚೂರಾಗಿ ಕುಗ್ಗುತ್ತಲೂ ಇದ್ದರೆ ಮೊದಲ ವರ್ಗ. ಈ ಲೆಕ್ಕಾಚಾರ ನಿರ್ದಯವೆಂದು ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಲೆಕ್ಕಕ್ಕೆ ಸಿಕ್ಕಿದ್ದನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸಬಹುದು, ತಪ್ಪೆಂದು ತೋರಿಸಬಹುದು. ‘ಅಪರೂಪ’ದೊಡನೆ ವಾದಿಸಲು ಆಗುವುದಿಲ್ಲ. ಆದರೆ 50 ಗಿಡಗಳಿವೆ ಎಂದು ಎಣಿಸಬೇಕಾದರೆ ಎಣಿಸುತ್ತಿರುವುದು ಅದೇ ಗಿಡವನ್ನೇ ಎಂಬ ಖಾತ್ರಿ ಮೊದಲು ಬೇಕು. ಪಕ್ಕದಲ್ಲೇ ಅದರ ನಂಟಿನ ಇನ್ನೊಂದು ಜಾತಿ ಬೆಳೆದಿದ್ದರೆ? ಆ ಖಾತ್ರಿ ಕೊಡುವುದು ರೋಮದ ದಿಕ್ಕು, ತೊಟ್ಟಿನ ಉದ್ದ.

ಬಿಸಿನೀರಿನಲ್ಲಿ ಅರಳಿದ ಹೂವು

ಸೆರೋಪೀಜಿಯಾ ಕುಲದ ಬಳ್ಳಿಗಳನ್ನು ಬಲ್ಲವರು ಅವುಗಳ ಹೂವನ್ನು ಕಂದೀಲಿನ ಹೂವೆನ್ನುತ್ತಾರೆ. ಬುಡದಲ್ಲಿ ಉಬ್ಬಿದ ಕೊಳವೆ, ಅದರ ಮೇಲೆ ಕಿರಿದಾದ ಕತ್ತು, ತುದಿಯಲ್ಲಿ ಐದು ಎಸಳುಗಳು ಬಾಗಿ ಒಂದನ್ನೊಂದು ಕೂಡಿ ಮಾಡಿದ ಗೂಡು. ಪಶ್ಚಿಮ ಘಟ್ಟದ ಬಂಡೆ, ಹುಲ್ಲುಗಾವಲುಗಳಿಗೆ ಮಾತ್ರ ಸೀಮಿತವಾದ ಇದರ ಜಾತಿಗಳು ಹಲವು ಇವೆ. ಹೂವಿಲ್ಲದಾಗ ಅವುಗಳಲ್ಲಿ ಹೆಚ್ಚಿನವು ಹುಲ್ಲಿನ ನಡುವೆ ಕಣ್ಣಿಗೇ ಬೀಳುವುದಿಲ್ಲ. ಒಂದು ಹರ್ಬೇರಿಯಂನಲ್ಲಿ ಹಿರಿಯ ವರ್ಗೀಕರಣ ತಜ್ಞರೊಬ್ಬರು ಇಂಥ ಒಂದು ಹೂವನ್ನು ಬಿಡಿಸುವುದನ್ನು ನಾನು ನೋಡಿದ್ದೆ.

ಹಾಳೆಗೆ ಅಂಟಿಸಿದ ಗಿಡ ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಗಿತ್ತು. ಗಿಡಕ್ಕೆ ಕೈ ಹಚ್ಚದೆ, ಹಾಳೆಯ ಮೂಲೆಯ ಕಾಗದದ ಪೊಟ್ಟಣದೊಳಗೆ ಬಿಡಿಯಾಗಿ ಉದುರಿದ್ದ ಒಂದು ಹೂವನ್ನು ಅವರು ಚಿಮಟದಿಂದ ಎತ್ತಿಕೊಂಡು ಪ್ರಣಾಳದ ನೀರಿಗೆ ಹಾಕಿ, ದೀಪದ ಮೇಲೆ ಹಿಡಿದು ಕಾಯಿಸಿದರು. ಮೊದಲು ನೀರಿನ ಮೇಲೆ ತೇಲುತ್ತಿದ್ದ ಆ ಚಪ್ಪಟೆ ಚೂರು ಸ್ವಲ್ಪ ಹೊತ್ತಿಗೆ ನೀರು ಕುಡಿದು ಮುಳುಗಿತು. ಮಡಿಕೆಗಳು ಬಿಟ್ಟುಕೊಂಡು ಕೊಳವೆ ಮತ್ತೆ ಕೊಳವೆಯಾಯಿತು. ಅದನ್ನು ಗಾಜಿನ ಬಟ್ಟಲಿಗೆ ಇಳಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಎರಡು ಸೂಜಿಗಳಿಂದ ಉದ್ದಕ್ಕೂ ಸೀಳಿ ಹರಡಿದರು. ಒಳಗೆ ಕತ್ತಿನ ಗೋಡೆಯ ತುಂಬ ರೋಮಗಳು. ಉಬ್ಬಿದ ಬುಡದ ನಡುವೆ, ಕೇಸರಗಳ ಸುತ್ತ ಕರೋನಾ ಎಂಬ ಎರಡು ಸುತ್ತಿನ ಕಿರೀಟ. ಹೊರಸುತ್ತು ಗಿಡ್ಡನೆಯ ಬಟ್ಟಲಾಗಿ ಅಂಚಿನಲ್ಲಿ ಸೀಳಿತ್ತು, ಒಳಸುತ್ತಿನ ಐದು ಕಡ್ಡಿಗಳು ನೆಟ್ಟಗೆ ಮೇಲೆದ್ದು ತುದಿಯಲ್ಲಿ ಒಂದಕ್ಕೊಂದು ವಾಲಿದ್ದವು.

“ಏನು ಕಾಣುತ್ತದೆ, ಹೇಳಿ” ಎಂದರು. ರೋಮಗಳಿವೆ ಸರ್ ಎಂದೆ. “ರೋಮ ಇವೆ ಅಂದರೆ ಸಾಲದು. ಎಲ್ಲಿ ಇವೆ, ಎಷ್ಟು ಒತ್ತಾಗಿವೆ, ಯಾವ ಕಡೆಗೆ ಬಾಗಿವೆ, ಅದನ್ನು ಹೇಳಿ. ನಾಳೆ ಈ ಹೂವು ಪುಡಿಯಾದರೂ ನಿಮ್ಮ ಮಾತು ಓದಿ ಒಬ್ಬರು ಇದನ್ನು ಗುರುತಿಸಬೇಕು” ಎಂದರು. ಕತ್ತಿನೊಳಗಿನ ರೋಮಗಳು ಕೆಳಮುಖವಾಗಿದ್ದವು. ವಾಸನೆಗೆ ಮರುಳಾಗಿ ಬರುವ ಸಣ್ಣ ನೊಣ ಒಳಗೆ ಇಳಿಯಬಹುದು, ಮೇಲೆ ಬರಲಾಗದು. ಒಂದೆರಡು ದಿನದಲ್ಲಿ ಹೂವು ಬಾಡಿ ರೋಮಗಳು ಸೊರಗಿದ ಮೇಲಷ್ಟೇ ಅದಕ್ಕೆ ಬಿಡುಗಡೆ, ಅಷ್ಟರಲ್ಲಿ ಪರಾಗದ ಗಂಟು ಅದರ ಮೈಗೆ ಅಂಟಿರುತ್ತದೆ. ವರ್ಣನೆಯಲ್ಲಿ ಈ ಕಥೆಯೆಲ್ಲ ಬರುವುದಿಲ್ಲ. ‘ಕೊಳವೆಯ ಒಳಮೈ ಕೆಳಮುಖ ರೋಮಗಳಿಂದ ಕೂಡಿದೆ’ ಎಂದಷ್ಟೇ ಬರುತ್ತದೆ, ಬಲ್ಲವರಿಗೆ ಅಷ್ಟು ಸಾಕು.

ರೋಮಗಳ ಶಬ್ದಸಂಪತ್ತು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಒಂದೂ ಇಲ್ಲದ ನಯ ಮೈಗೆ ಗ್ಲೇಬ್ರಸ್, ಸಣ್ಣ ಮೆತ್ತನೆಯ ರೋಮಗಳಿದ್ದರೆ ಪ್ಯುಬೆಸೆಂಟ್, ಉದ್ದವಾಗಿ ನವಿರಾಗಿದ್ದರೆ ವಿಲ್ಲಸ್, ಒರಟಾಗಿ ನೆಟ್ಟಗಿದ್ದರೆ ಹಿರ್ಸ್ಯೂಟ್, ಒಂದೇ ದಿಕ್ಕಿಗೆ ಒತ್ತಿ ಮಲಗಿ ರೇಷ್ಮೆಯ ಹೊಳಪು ಕೊಟ್ಟರೆ ಸೆರೀಷಿಯಸ್, ಒತ್ತಿ ಮಲಗಿದ್ದರೂ ಗಡುಸಾಗಿದ್ದರೆ ಸ್ಟ್ರೈಗೋಸ್, ಹೆಣೆದುಕೊಂಡು ಕಂಬಳಿಯಾಗಿದ್ದರೆ ಟೊಮೆಂಟೋಸ್, ಅಂಚಿನಲ್ಲಿ ಮಾತ್ರ ಸಾಲಾಗಿದ್ದರೆ ಸಿಲಿಯೇಟ್. ಇವುಗಳ ನಡುವಿನ ಗಡಿಗಳು ಯಾವಾಗಲೂ ಸ್ಪಷ್ಟವಿಲ್ಲ. ಒಬ್ಬರ ವಿಲ್ಲಸ್ ಇನ್ನೊಬ್ಬರ ಪ್ಯುಬೆಸೆಂಟ್ ಆಗುವುದು ಈ ಲೋಕದ ಹಳೆಯ ಜಗಳ. ಆದರೂ ಕೂದಲೊಂದಕ್ಕೆ ಇಷ್ಟು ಮಾತುಗಳನ್ನು ಕೂಡಿಟ್ಟವರ ಲೋಭ ನನಗೆ ಇಷ್ಟ. ಒಂದು ಜಾತಿ ಊರೆಲ್ಲ ಬೆಳೆಯುವ ಕಳೆ, ಅದರ ತಂಗಿ ಒಂದೇ ಗುಡ್ಡಕ್ಕೆ ಸೀಮಿತ, ಇವೆರಡರ ನಡುವಣ ವ್ಯತ್ಯಾಸ ಇಂಥ ಒಂದು ಪದದಷ್ಟೇ ಆಗಿರುವ ಪ್ರಸಂಗಗಳು ಕಡಿಮೆಯಿಲ್ಲ.

ಏಳು ನರಗಳ ಹುಲ್ಲು

ಒಣ ವರ್ಣನೆ ಎಷ್ಟು ದೂರ ಕೈಚಾಚಬಲ್ಲದು ಎಂಬುದಕ್ಕೆ ನಾನು ಮತ್ತೆಮತ್ತೆ ನೆನೆಯುವುದು ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಎಂಬ ಒಂದು ಹುಲ್ಲನ್ನು. 1919ರಲ್ಲಿ ಸೆಡ್ಜ್‌ವಿಕ್ ಮತ್ತು ಬೆಲ್ ಎಂಬ ಸಂಗ್ರಾಹಕರು ಜೋಗ ಜಲಪಾತದ ಬಳಿ ಇದನ್ನು ಕಿತ್ತು ಒಣಗಿಸಿಟ್ಟರು. ಅದು ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ ಎಂದು ಹುಲ್ಲುಗಳ ತಜ್ಞ ಬೋರ್ ಅವರು ಹೆಸರಿಟ್ಟು ಪ್ರಕಟಿಸುವ ಹೊತ್ತಿಗೆ 1951 ಆಗಿತ್ತು. ಹೆಸರಿನ ಎರಡನೆಯ ಭಾಗದ ಅರ್ಥ ‘ಏಳು ನರಗಳುಳ್ಳದ್ದು’. ಹುಲ್ಲುಗಳಲ್ಲಿ ಎಸಳಿಲ್ಲ, ಬಣ್ಣವಿಲ್ಲ. ಕಿರುಕದಿರನ್ನು ಹೊದ್ದಿರುವ ಪುಟ್ಟ ಹೊಟ್ಟಿನಂಥ ಹಾಳೆಗಳಲ್ಲಿ ನರಗಳೆಷ್ಟು, ಅವು ತುದಿಯವರೆಗೆ ಮುಟ್ಟುತ್ತವೆಯೇ, ತುದಿಯಲ್ಲಿ ಮುಳ್ಳಿದೆಯೇ ಎಂಬುದರ ಮೇಲೇ ಎಲ್ಲ ನಿರ್ಣಯವೂ ನಿಂತಿರುತ್ತದೆ.

ಆಮೇಲೆ ಜೋಗದಲ್ಲಿ ಹುಡುಕಿದವರಿಗೆ ಆ ಹುಲ್ಲು ಸಿಗಲಿಲ್ಲ. ಜಲಪಾತದ ನೀರು ವಿದ್ಯುತ್ತಿಗೆ ತಿರುಗಿದ ಮೇಲೆ ವರ್ಷವಿಡೀ ಬಂಡೆಯ ಮೇಲೆ ಬೀಳುತ್ತಿದ್ದ ತುಂತುರು ಮೊದಲಿನಂತೆ ಉಳಿದಿರಲಿಲ್ಲ, ಆ ತುಂತುರನ್ನೇ ನೆಚ್ಚಿಕೊಂಡಿದ್ದ ಹುಲ್ಲು ಅಳಿದೇ ಹೋಯಿತೆಂದು ಭಾವಿಸಲಾಯಿತು. ಕೊನೆಗೆ 2002ರಲ್ಲಿ ಅದು ಸಿಕ್ಕಿದ್ದು ಜೋಗದಲ್ಲಿ ಅಲ್ಲ, ಎಷ್ಟೋ ಉತ್ತರಕ್ಕೆ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ, ನೀರು ತೊಟ್ಟಿಕ್ಕುವ ಬಂಡೆಯ ಮೇಲೆ. ಅಲ್ಲಿ ಅದನ್ನು ನೋಡಿದವರ ಕೈಯಲ್ಲಿದ್ದದ್ದೇನು ಎಂದು ಯೋಚಿಸಿ. ಜೀವಂತ ಗಿಡವನ್ನು ಕಂಡವರು ಯಾರೂ ಹತ್ತಿರವಿರಲಿಲ್ಲ. ಇದ್ದದ್ದು ಅಳತೆ, ನರಗಳ ಲೆಕ್ಕ, ಹಾಳೆಗಳ ಆಕಾರ ಹೇಳುವ ಒಂದು ವರ್ಣನೆ, ಜೊತೆಗೆ ಹರ್ಬೇರಿಯಂನಲ್ಲಿ ಉಳಿದ ಒಣ ಮಾದರಿ. ‘ಜೋಗದ ಅಪರೂಪದ, ಸುಂದರ, ಕೋಮಲ ಹುಲ್ಲು’ ಎಂದು ಯಾರಾದರೂ ಅಭಿಮಾನದಿಂದ ಬರೆದಿಟ್ಟಿದ್ದರೆ ತಿಲಾರಿಯಲ್ಲಿ ಅದನ್ನು ದಾಟಿಕೊಂಡೇ ಹೋಗುತ್ತಿದ್ದರು.

ಇಂಥ ವರ್ಣನೆಯ ಹಿಂದಿನ ಶಿಸ್ತಿಗೆ ನಿಯಮಗಳ ಬೆಂಬಲವೂ ಇದೆ. ಹೊಸ ಜಾತಿಯ ಹೆಸರು ಸಿಂಧುವಾಗಬೇಕಾದರೆ ಒಂದು ನಿರ್ದಿಷ್ಟ ಮಾದರಿಯನ್ನು ‘ಟೈಪ್’ ಎಂದು ಗುರುತಿಸಲೇಬೇಕೆಂಬ ಕಟ್ಟಳೆ 1958ರಿಂದ ಇದೆ. 1935ರಿಂದ 2011ರ ಕೊನೆಯವರೆಗೆ ವರ್ಣನೆ ಲ್ಯಾಟಿನ್ನಿನಲ್ಲೇ ಇರಬೇಕಿತ್ತು. 2012ರ ಜನವರಿಯಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ಲ್ಯಾಟಿನ್ ಹೋದದ್ದಕ್ಕೆ ಕೊರಗುವವರನ್ನು ಬಲ್ಲೆ, ನನಗಂತೂ ಆ ಕೊರಗಿಲ್ಲ. ಆದರೆ ಲ್ಯಾಟಿನ್ ಕಡ್ಡಾಯವಾಗಿದ್ದಾಗ ಅಲಂಕಾರಕ್ಕೆ ಜಾಗವಿರಲಿಲ್ಲ ಎಂಬ ಒಂದು ಅನುಕೂಲವಿತ್ತೆಂದು ಒಪ್ಪಬೇಕು.

ಒಣ ಹಾಳೆ ಹೇಳದೆ ಬಿಡುವುದು

ಈ ಪದಗಳ ಗುಣಗಾನ ಮಾಡುವಾಗ ಅವುಗಳ ಮಿತಿಯನ್ನೂ ಹೇಳಬೇಕು. ಅವುಗಳಲ್ಲಿ ಬಹುಪಾಲು ಒತ್ತಿ ಒಣಗಿಸಿದ ಗಿಡವನ್ನು ನೋಡುತ್ತಲೇ ಹದಗೊಂಡವು. ವಾಸನೆ, ಹೂವಿನ ಭಂಗಿ, ಎಲೆಯ ದಪ್ಪ, ಬಣ್ಣ ಇವು ಒಣಗುವಾಗಲೇ ಹೋಗಿಬಿಡುತ್ತವೆ; ಸಂಗ್ರಾಹಕ ಸ್ಥಳದಲ್ಲೇ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಗೌರಿಹೂವಿನ ಬಳಗವಾದ ಇಂಪೇಷಿಯನ್ಸ್ ಇದಕ್ಕೆ ಕುಖ್ಯಾತ. ನೀರು ತುಂಬಿದ ಅದರ ತೆಳು ಎಸಳುಗಳು ಒತ್ತಿದೊಡನೆ ಒಂದಕ್ಕೊಂದು ಅಂಟಿ ಬಣ್ಣದ ಕಲೆಯಾಗಿಬಿಡುತ್ತವೆ, ಹಿಂದಕ್ಕೆ ಚಾಚಿದ ಕೊಂಬು ಯಾವ ಕಡೆಗೆ ಬಾಗಿತ್ತೆಂಬುದೇ ತಿಳಿಯುವುದಿಲ್ಲ. ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ 1911ರಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೂ ಇದೇ ಕುಲದ ಒಣ ಹೂವುಗಳನ್ನು ಬಿಡಿಸುವುದರಲ್ಲಿ ತೊಡಗಿದ್ದರು. ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಗಿಡಗಳ ಪಟ್ಟಿಯಲ್ಲಿ ಈ ಕುಲದ ಹೆಸರುಗಳು ದಂಡಿಯಾಗಿವೆ, ಆದ್ದರಿಂದ ಈ ತೊಡಕು ಸಣ್ಣದಲ್ಲ.

ಇನ್ನೊಂದು ತೊಡಕು ಇದಕ್ಕಿಂತ ವಿಚಿತ್ರ. ಘಟ್ಟದ ಮೇಲಿನ ಒಂದು ಜಂಬಿಟ್ಟಿಗೆ ಹಾಸಿನ ಮೇಲೆ ಮಳೆಗಾಲದಲ್ಲಿ ಸಸ್ಯಶಾಸ್ತ್ರದ ಒಂದು ತಂಡದೊಂದಿಗೆ ಹೋಗಿದ್ದೆ. ಬೇಸಿಗೆಯಲ್ಲಿ ಸುಟ್ಟ ಕಬ್ಬಿಣದ ಬಣ್ಣದ ಬೋಳು ಕಲ್ಲು. ಆ ದಿನ ಅದರ ಮೇಲೆ ಬೆರಳುದ್ದದ ಕಡ್ಡಿಗಳ ತುದಿಯಲ್ಲಿ ಬಿಳಿ ಗುಂಡಿಗಳು, ಕಣ್ಣು ಹಾಯುವವರೆಗೆ. ಎರಿಯೊಕಾಲಾನ್ ಎಂಬ ಕುಲದ ಗಿಡಗಳು. ಎಲ್ಲರೂ ನೀರಿನಲ್ಲೇ ಮೊಣಕಾಲೂರಿ ಕುಳಿತರು, ಕೊಡೆ ಹಿಡಿಯುವವರಿಗೆ ಎರಡು ಕೈ ಸಾಲದಾಯಿತು. ಇದು ಯಾವ ಜಾತಿ ಎಂದು ನಾನು ಕೇಳಿದ್ದಕ್ಕೆ ತಂಡದ ಹಿರಿಯರು ಹೆಸರು ಹೇಳಲಿಲ್ಲ. ಗುಂಡಿಯನ್ನು ಬಿಡಿಸಿ ಹೆಣ್ಣು ಹೂವಿನ ಪುಷ್ಪಪತ್ರಗಳು ಎರಡೋ ಮೂರೋ, ಅವುಗಳ ಬೆನ್ನಿಗೆ ಏಣು ಇದೆಯೋ ಇಲ್ಲವೋ ನೋಡಬೇಕು. ಅಷ್ಟಾದರೂ ಮುಗಿಯದಿದ್ದರೆ ಬೀಜ ಬಲಿಯುವವರೆಗೆ ಕಾದು, ಅದರ ಸಿಪ್ಪೆಯ ಮೇಲಿನ ವಿನ್ಯಾಸವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂದರು. ಅಂದರೆ ನಾವು ಮೆಟ್ಟಿಕೊಂಡು ಬಂದ ಗುಂಡಿಗಳಲ್ಲಿ ಎಲ್ಲೆಡೆ ಸಿಗುವ ಜಾತಿಯೂ ಇರಬಹುದು, ಆ ಹಾಸನ್ನು ಬಿಟ್ಟು ಬೇರೆಲ್ಲೂ ಇಲ್ಲದ ಜಾತಿಯೂ ಇರಬಹುದು. ತಂಡದವರು ಚೀಟಿಯಲ್ಲಿ ಕುಲದ ಹೆಸರು ಬರೆದು, ಅದರ ಮುಂದೆ ‘ಎಸ್‌ಪಿ.’ ಎಂದಷ್ಟೇ ಹಾಕಿದರು, ಅಂದರೆ ಜಾತಿ ಯಾವುದೆಂದು ತಿಳಿದಿಲ್ಲ. ಹತ್ತಿರದ ಜಾತಿಯೊಂದನ್ನು ಹೋಲುತ್ತಿದ್ದರೆ ‘ಸಿಎಫ್.’, ಹೋಲಿಕೆಯಿದ್ದರೂ ಬೇರೆಯೇ ಎನ್ನಿಸಿದರೆ ‘ಎಎಫ್ಎಫ್.’ ಎನ್ನುವುದು ವಾಡಿಕೆ. ಗೊತ್ತಿಲ್ಲವೆಂಬುದನ್ನು ಇಷ್ಟು ಹದವಾಗಿ ಅಳೆದು ಹೇಳುವ ವ್ಯವಸ್ಥೆ ಬೇರೆ ಶಾಸ್ತ್ರಗಳಲ್ಲೂ ಇದ್ದರೆ ಚೆನ್ನಾಗಿತ್ತು.

ಗಿಡದ ಹಣೆಬರಹ ಹೇಳುವ ಪದಗಳು

ಕೆಲವು ಪದಗಳು ಗುರುತು ಹಿಡಿಯುವುದಕ್ಕಷ್ಟೇ ನಿಲ್ಲದೆ, ಗಿಡ ಏಕೆ ಕಡಿಮೆಯಾಯಿತು ಎಂಬುದನ್ನೂ ಒಳಗಿಟ್ಟುಕೊಂಡಿರುತ್ತವೆ. ಡೈಯೀಷಿಯಸ್ ಅಂಥದ್ದು: ಗಂಡು ಒಂದು ಗಿಡ, ಹೆಣ್ಣು ಇನ್ನೊಂದು. ದಕ್ಷಿಣ ಆಫ್ರಿಕಾದ ಒಂಗೋಯೆ ಕಾಡಿನಲ್ಲಿ 1895ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಮೆಡ್ಲಿ ವುಡ್ ಅವರಿಗೆ ಒಂದು ಸೈಕಾಡ್, ಅಂದರೆ ತಾಳೆಯಂತೆ ಕಂಡರೂ ಹೂವಿನ ಬದಲು ಶಂಕು ಬಿಡುವ ಗಿಡ, ಸಿಕ್ಕಿತು. ಮುಂದೆ ಅದಕ್ಕೆ ಎನ್ಸೆಫಲಾರ್ಟೋಸ್ ವುಡಿಯೈ ಎಂದು ಅವರದೇ ಹೆಸರು ಬಂತು. ಇದ್ದದ್ದು ಒಂದೇ ಹಿಂಡು, ಅದೂ ಗಂಡು. ಅದರ ಮರಿಕಾಂಡಗಳನ್ನು ಕಿತ್ತು ಹಲವು ಸಸ್ಯೋದ್ಯಾನಗಳಲ್ಲಿ ನೆಟ್ಟರು, 1899ರಲ್ಲಿ ಒಂದು ಲಂಡನ್ನಿನ ಕ್ಯೂ ಉದ್ಯಾನಕ್ಕೂ ಹೋಯಿತು. ಇಂದು ಪ್ರಪಂಚದಲ್ಲಿ ಇರುವವೆಲ್ಲ ಆ ಒಂದೇ ಗಿಡದ ತುಂಡುಗಳು. ಹೆಣ್ಣು ಗಿಡ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಆ ಗಿಡದ ವರ್ಣನೆಯಲ್ಲಿ ಗಂಡು ಶಂಕುವಿನ ಅಳತೆ, ಬಣ್ಣ, ಪೊರೆಗಳ ಆಕಾರ ಎಲ್ಲ ಬರುತ್ತದೆ. ಹೆಣ್ಣು ಶಂಕುವಿನ ವಿವರ ಬರಬೇಕಾದ ಕಡೆ ‘ತಿಳಿದಿಲ್ಲ’ ಎಂದಷ್ಟೇ ಬರೆಯಲು ಸಾಧ್ಯ. ಆ ಒಂದು ಮಾತಿನಲ್ಲಿ ಆ ಜಾತಿಯ ಇಡೀ ಸ್ಥಿತಿ ಇದೆ.

ಹೆಟೆರೊಫಿಲ್ಲಿ ಇನ್ನೊಂದು. ಒಂದೇ ಗಿಡದಲ್ಲಿ ಎಲೆಗಳು ಎರಡು ಬಗೆಯಾಗಿರುವುದನ್ನು, ಎಳೆತನದ ಎಲೆಗೂ ಬಲಿತ ಎಲೆಗೂ ಸಂಬಂಧವೇ ಇಲ್ಲದಂತೆ ಕಾಣುವುದನ್ನು ಹೇಳುವ ಪದ. ಹಿಂದೂ ಮಹಾಸಾಗರದ ರೊಡ್ರಿಗ್ಸ್ ದ್ವೀಪದ ಕೆಫೆ ಮಾರೋನ್, ಶಾಸ್ತ್ರೀಯವಾಗಿ ರಾಮೋಸ್ಮಾನಿಯಾ, ಎಳೆಯದಿದ್ದಾಗ ಕಂದು ಛಾಯೆಯ ಉದ್ದನೆಯ ಪಟ್ಟಿಯಂಥ ಎಲೆಗಳನ್ನು ಬಿಡುತ್ತದೆ, ಬಲಿತಾಗ ಅಗಲವಾದ ಹಸಿರೆಲೆಗಳನ್ನು. ಅಳಿದೇ ಹೋಗಿದೆಯೆಂದು ತಿಳಿದಿದ್ದ ಈ ಗಿಡದ ಒಂದೇ ಒಂದು ಪೊದೆಯನ್ನು 1980ರ ಸುಮಾರಿಗೆ ಗುರುತಿಸಿದ್ದು ಒಬ್ಬ ಶಾಲಾ ಬಾಲಕ. 1986ರಲ್ಲಿ ಅದರ ತುಂಡುಗಳು ಕ್ಯೂ ಉದ್ಯಾನ ತಲುಪಿದವು. ಅಲ್ಲಿ ಬೇರು ಬಿಟ್ಟ ಗಿಡ ಹೂ ಬಿಡುತ್ತಲೇ ಇದ್ದರೂ ಕಾಯಿ ಕಚ್ಚಲಿಲ್ಲ. ಬೀಜವಿರುವ ಕಾಯಿ ಪಡೆಯುವ ಹೊತ್ತಿಗೆ 2003 ಬಂದಿತ್ತು. ಎಳೆಗಿಡದ ಎಲೆ ಮಾತ್ರ ನೋಡಿದವರು ಇದನ್ನು ಬೇರೆ ಜಾತಿಯೆಂದೇ ಎಣಿಸಿಯಾರು, ಎಣಿಕೆಯ ಪುಸ್ತಕದಲ್ಲಿ ಒಂದು ಗಿಡ ಎರಡಾದೀತು ಅಥವಾ ಇಲ್ಲವೇ ಆದೀತು.

ನೆಲೆಯನ್ನು ಹೇಳುವ ಪದಗಳೂ ಇದೇ ಸಾಲಿನವು. ಬಂಡೆಗೆ ಅಂಟಿ ಬೆಳೆಯುವುದು ಲಿಥೊಫೈಟ್. ರಭಸದ ಹೊಳೆಯ ಅಂಚಿನಲ್ಲಿ, ಪ್ರವಾಹ ಬಂದಾಗ ಮುಳುಗಿ ಇಳಿದಾಗ ತಲೆ ಎತ್ತುವುದು ರಿಯೊಫೈಟ್. ನೀರು ಜಾರಿಹೋಗಲೆಂದು ಅವುಗಳ ಎಲೆ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಹೊಳೆಗೆ ಅಣೆಕಟ್ಟು ಬಂದ ದಿನವೇ ಈ ಗಿಡದ ಕಥೆ ಮುಗಿಯಿತೆಂದು ಆ ಪದವನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ. ಜೀವನದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುವುದು ಮೊನೊಕಾರ್ಪಿಕ್; ಹನ್ನೆರಡು ವರ್ಷದ ನೀಲಕುರಿಂಜಿ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ, ಅದರ ಹೂವಿನ ವರ್ಷದಲ್ಲಿ ಬೀಜ ಉದುರುವ ಮೊದಲೇ ಬೆಂಕಿ ಬಿದ್ದರೆ ಒಂದು ತಲೆಮಾರೇ ಹೋಯಿತು.

ದೇಶಿ, ಸ್ಥಾನಿಕ

‘ದೇಶಿ ಸಸ್ಯ’ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಮನುಷ್ಯರು ತಂದುಹಾಕದೆ ತಾನಾಗಿ ಒಂದೆಡೆ ಇದ್ದದ್ದು ದೇಶಿ, ಉಳಿದದ್ದು ಪರಕೀಯ ಎಂಬ ವಿಂಗಡಣೆಯನ್ನು ಬ್ರಿಟನ್ನಿನ ಸಸ್ಯಶಾಸ್ತ್ರಜ್ಞ ಹ್ಯೂಯೆಟ್ ವಾಟ್ಸನ್ 19ನೆಯ ಶತಮಾನದ ನಡುವೆ ಅಲ್ಲಿನ ಗಿಡಗಳಿಗೆ ಹಚ್ಚಿದರು. ಆ ಬಗೆಯ ವಿಂಗಡಣೆ ಆಮೇಲೆ ಎಲ್ಲೆಡೆ ಹಬ್ಬಿತು. ಇದು ಗಿಡದ ಮೈಯಲ್ಲಿ ಕಾಣುವ ಗುಣವಲ್ಲ. ಯಾವ ಭೂತಗನ್ನಡಿಯೂ ಇದನ್ನು ತೋರಿಸಲಾರದು. ಎಂಡೆಮಿಕ್, ಅಂದರೆ ಸ್ಥಾನಿಕ, ಎಂಬ ಪದವನ್ನು ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್ 1820ರಲ್ಲಿ ವೈದ್ಯಶಾಸ್ತ್ರದಿಂದ ಎರವಲು ತಂದದ್ದು. ಇದು ಹೆಚ್ಚು ಖಚಿತ, ಆದರೆ ಅದರ ಮುಂದೆ ಜಾಗದ ಹೆಸರು ಬಂದಾಗ ಮಾತ್ರ. ‘ಪಶ್ಚಿಮ ಘಟ್ಟಕ್ಕೆ ಸ್ಥಾನಿಕ’ ಎಂದರೆ ಭೂಗೋಳದ ಮಾತು. ಒಂದು ರಾಜ್ಯಕ್ಕೆ ಸ್ಥಾನಿಕ ಎಂದು ಅಭಿಮಾನದಿಂದ ಹೇಳುವುದನ್ನು ಕೇಳಿದಾಗ, ಹಬ್ಬಾರ್ಡಿಯಾ ಗಡಿ ದಾಟುವಾಗ ಯಾರ ಅಪ್ಪಣೆ ಕೇಳಿತು ಎಂದು ಕೇಳಬೇಕೆನ್ನಿಸುತ್ತದೆ. ಅಲ್ಲದೆ ಸ್ಥಾನಿಕವೆಂದ ಮಾತ್ರಕ್ಕೆ ಅಪರೂಪವೆಂದಲ್ಲ. ಘಟ್ಟಕ್ಕೆ ಮಾತ್ರ ಸೀಮಿತವಾಗಿದ್ದು ಅಲ್ಲಿ ದಾರಿಯುದ್ದಕ್ಕೂ ಸಿಗುವ ಗಿಡಗಳು ಬೇಕಾದಷ್ಟಿವೆ.

ಎಲ್ಲಿ ಎಂಬ ಸಾಲು

ಮೂಲ ವರ್ಣನೆಯ ಕೊನೆಯಲ್ಲಿ ಟೈಪ್ ಮಾದರಿ ಎಲ್ಲಿ ಸಿಕ್ಕಿತೆಂಬ ವಿವರ ಇರುತ್ತದೆ. ಯಾವ ಗುಡ್ಡ, ಯಾವ ಹೊಳೆಯ ಯಾವ ದಡ, ಎಷ್ಟು ಎತ್ತರ, ಈಚಿನ ವರ್ಷಗಳಲ್ಲಿ ಅಕ್ಷಾಂಶ ರೇಖಾಂಶಗಳೂ. ವರ್ಣನೆಯಲ್ಲಿ ಅತ್ಯಂತ ನಿಖರವಾಗಿರಬೇಕಾದ ಈ ಸಾಲೇ ಅಪರೂಪದ ಗಿಡಗಳ ವಿಷಯದಲ್ಲಿ ಅಪಾಯಕಾರಿಯಾಗಿದೆ. ಪ್ಯಾಫಿಯೊಪೆಡಿಲಮ್ ವಿಯೆಟ್ನಾಮೆನ್ಸೆ ಎಂಬ ಆರ್ಕಿಡ್‌ಗೆ 1999ರಲ್ಲಿ ಹೆಸರು ಬಂತು. ಹೆಸರಿನ ಬೆನ್ನಿಗೇ ಕೊಳ್ಳುವವರೂ ಬಂದರು, ಕೆಲವೇ ವರ್ಷಗಳಲ್ಲಿ ಕಾಡಿನ ಗಿಡಗಳು ಬಹುತೇಕ ಖಾಲಿಯಾದವು. ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಪತ್ತೆಯಾದ ವೊಲೆಮಿ ಪೈನ್ ಇದೆ. ಕಾಡಿನಲ್ಲಿರುವ ಅದರ ಬಲಿತ ಮರಗಳು ನೂರನ್ನೂ ಮುಟ್ಟುವುದಿಲ್ಲ, ಅವು ನಿಂತಿರುವ ಕಮರಿ ಎಲ್ಲಿದೆಯೆಂಬುದನ್ನು ಇಂದಿಗೂ ಗುಟ್ಟಾಗಿಟ್ಟಿದ್ದಾರೆ. ನೋಡಬಯಸುವವರಿಗೆ, ಬೆಳೆಸಬಯಸುವವರಿಗೆ ನರ್ಸರಿಯಲ್ಲಿ ಬೆಳೆಸಿದ ಸಸಿಗಳು ಸಿಗುತ್ತವೆ.

ಇಲ್ಲಿ ‘ಅಪರೂಪ’ ಎಂಬ ವಿಶೇಷಣದ ಕೇಡು ಸ್ಪಷ್ಟವಾಗಿ ಕಾಣುತ್ತದೆ. ಗಿಡಕ್ಕೆ ಬೆಲೆ ತರುವುದು ಆ ಮಾತು. ಕಳ್ಳನಿಗೆ ಬೇಕಾದದ್ದೂ ಅದೇ. ಎಲೆಯ ತುದಿ ಅಕ್ಯುಮಿನೇಟ್, ಅಂದರೆ ನೀಳವಾಗಿ ಚೂಪು, ಎಂಬುದರಿಂದ ಯಾವ ವ್ಯಾಪಾರಿಗೂ ಲಾಭವಿಲ್ಲ. ಆದರೆ ಸ್ಥಳದ ವಿವರವನ್ನು ಪೂರ್ತಿ ಮುಚ್ಚಿಟ್ಟರೆ ಹಬ್ಬಾರ್ಡಿಯಾದಂಥ ಗಿಡವನ್ನು ಮುಂದೆ ಹುಡುಕುವವರು ಎಲ್ಲಿಂದ ಹೊರಡಬೇಕು? ಜೋಗದ ಹೆಸರಿದ್ದದ್ದರಿಂದಲೇ ಅಲ್ಲಿ ಆ ಹುಲ್ಲು ಈಗಿಲ್ಲ ಎಂಬುದೂ, ಅದಕ್ಕೆ ಎಂಥ ಬಂಡೆ ಬೇಕೆಂಬುದೂ ಗೊತ್ತಾಯಿತು. ಈಗ ಹಲವರು ಅನುಸರಿಸುವ ಮಧ್ಯಮ ದಾರಿಯೇ ನನಗೆ ಸರಿಯೆನ್ನಿಸುತ್ತದೆ. ಹರ್ಬೇರಿಯಂನ ಹಾಳೆಯ ಮೇಲೆ ಪೂರ್ತಿ ವಿವರವಿರಲಿ, ಬಾಗಿಲಿಗೆ ಹೋಗಿ ಕೇಳಿ, ಹೆಸರು ಬರೆದು ನೋಡುವವರಿಗೆ ಅದು ಸಿಗಲಿ. ಅಚ್ಚಾಗುವ ವರ್ಣನೆಯಲ್ಲೂ ಅಂತರ್ಜಾಲದ ದತ್ತಾಂಶದಲ್ಲೂ ಜಿಲ್ಲೆಯ ಹೆಸರಿಗೆ ನಿಂತು, ಅಕ್ಷಾಂಶ ರೇಖಾಂಶದ ದಶಮಾಂಶಗಳನ್ನು ಕತ್ತರಿಸಲಿ. ರೋಮಗಳ ವಿಷಯದಲ್ಲಿ ಮಾತ್ರ ಒಂದು ಅಕ್ಷರವನ್ನೂ ಕತ್ತರಿಸುವುದು ಬೇಡ.